ಅವ್ವನ ರುಜು

ಮಾರ್ಗಶಿರದ ಚಳಿಗೆ ನಮ್ಮ ಭೀಮನಬೀಡಿನಲ್ಲಿ ಸಂಜೆ ಏಳರೊಳಗೆ ಅಂಗಳದಲ್ಲಿ ಬೆಂಕಿ ಹೊತ್ತಿಕೊಳ್ಳುತ್ತದೆ. ತೆಂಗಿನ ಸೋಗೆ, ಜೋಳದ ಕಡ್ಡಿ, ಒಂದು ಹುಣಸೆ ಕೊರಡು ಇದ್ದರೆ ಹತ್ತರವರೆಗೂ ಮಾತು ನಡೆಯುತ್ತದೆ. ಮೊನ್ನೆ ಹಾಗೆ ಕೂತಿದ್ದಾಗ ನನ್ನ ಮೊಬೈಲು ಹೆಬ್ಬೆಟ್ಟಿಗೆ ತೆರೆಯಲಿಲ್ಲ. ಮೂರು ಸಲ ಒತ್ತಿದೆ. ಮೊಮ್ಮಗ ನನ್ನ ಬೆರಳನ್ನು ತನ್ನ ಅಂಗಿಯ ತುದಿಯಲ್ಲಿ ಒರೆಸಿ, ಬೆಂಕಿಯ ಬೆಳಕಿಗೆ ಹಿಡಿದು ನೋಡಿದ. "ತಾತ, ಗೆರೆಯೆಲ್ಲ ಸವ್ದೋಗವ" ಅಂದ. ನನಗೆ ಅವ್ವ ನೆನಪಾದಳು. ಆ ರಾತ್ರಿ ಬೆಂಕಿಯ ಸುತ್ತ ಕೂತವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

2018ರ ಮಾತು. ಅವ್ವನಿಗೆ ಎಪ್ಪತ್ತು ದಾಟಿತ್ತು. ಸಂಧ್ಯಾ ಸುರಕ್ಷಾ ದುಡ್ಡು ಬರುತ್ತಿತ್ತು. 65 ತುಂಬಿದ ಬಡವರಿಗೆ ಅಂತ ಸರ್ಕಾರ 2007ರಲ್ಲಿ ಶುರು ಮಾಡಿದ ಯೋಜನೆ ಅದು. ಆ ದುಡ್ಡನ್ನು ಅವ್ವ ಯಾರ ಕೈಗೂ ಕೊಡುತ್ತಿರಲಿಲ್ಲ. ಎಲೆಅಡಿಕೆ, ಮಕ್ಕಳಿಗೆ ಬಿಸ್ಕತ್ತು, ವರ್ಷಕ್ಕೊಮ್ಮೆ ಮಾದಪ್ಪನ ಬೆಟ್ಟದ ಖರ್ಚು, ಎಲ್ಲ ಅದರಲ್ಲೇ. ಬ್ಯಾಂಕಿನ ಪರವಾಗಿ ಒಬ್ಬ ಹುಡುಗ ಪುಟ್ಟ ಮಿಷನ್ನು ಹಿಡಿದು ಊರಿಗೆ ಬರುತ್ತಿದ್ದ. ಆಧಾರ್ ನಂಬರು ಹೇಳಿ ಬೆರಳು ಒತ್ತಿದರೆ ಜಗಲಿಯ ಮೇಲೇ ದುಡ್ಡು.

ಆ ಮಾಘದಲ್ಲಿ ಅವ್ವನ ಬೆರಳು ಹತ್ತಲಿಲ್ಲ. ಬಲಗೈ ಹೆಬ್ಬೆಟ್ಟು ಆಯಿತು, ಎಡಗೈದಾಯಿತು, ಹತ್ತು ಬೆರಳೂ ಮುಗಿದವು. ಹುಡುಗ ಒಳ್ಳೆಯವನು, ಬೇಸರಪಡಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ, ಕೊಬ್ಬರಿಎಣ್ಣೆ ತರಿಸಿ ಸವರಿದ. ಕೊನೆಗೆ "ತಗೋತಿಲ್ಲ ಅಜ್ಜಿ" ಅಂದ. ಹಿಂದೆ ಇನ್ನೂ ಎಂಟು ಹತ್ತು ಜನ ನಿಂತಿದ್ದರು. ಅವ್ವ ಪಕ್ಕಕ್ಕೆ ಸರಿದು ಕಂಬಕ್ಕೆ ಒರಗಿ, ತನ್ನ ಬೆರಳನ್ನೇ ನೋಡಿಕೊಂಡು ಕೇಳಿದಳು:

"ನನ್ ಬೆಟ್ಟು ಸತ್ತೋಗದಾ ಮೊಗ?"

ಆ ಕೈಗಳ ಬಗ್ಗೆ ಹೇಳಬೇಕು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಮಣ್ಣಿಗೆ ಇಳಿದ ಕೈ ಅವು. ಸಣ್ಣ ಈರುಳ್ಳಿ ಕಿತ್ತು ತುದಿ ಕುಯ್ದವು. ಬೆಳ್ಳುಳ್ಳಿ ಬಿತ್ತನೆಗೆ ದಿನವಿಡೀ ಎಸಳು ಬಿಡಿಸಿ, ರಾತ್ರಿ ಉರಿ ತಡೆಯಲಾರದೆ ಬೆರಳುಗಳನ್ನು ಮಜ್ಜಿಗೆಯಲ್ಲಿ ಅದ್ದಿ ಕೂರುತ್ತಿದ್ದಳು. ಅರಿಶಿನದ ಕಾಲ ಬಂದರೆ ಅಗೆದ ಗಡ್ಡೆಯ ಮಣ್ಣು ಉದುರಿಸಿ, ಬೇರು ಮುರಿದು, ಕೊಪ್ಪರಿಗೆಯಲ್ಲಿ ಬೆಂದದ್ದನ್ನು ಕಣದಲ್ಲಿ ಹರವಿ ಹೊರಳಿಸಬೇಕು. ಆ ಹಳದಿ ಉಗುರಿನ ಸಂದಿಯಿಂದ ಯುಗಾದಿಯವರೆಗೂ ಹೋಗುತ್ತಿರಲಿಲ್ಲ. ಆಮೇಲೆ ಗುಂಡ್ಲುಪೇಟೆ ಸೀಮೆಗೆ ಚೆಂಡು ಹೂವು ಬಂತು. ಆಷಾಢ ಶ್ರಾವಣದಲ್ಲಿ ಕೇರಳದವರು ಕಾರು ನಿಲ್ಲಿಸಿ ಫೋಟೋ ಹಿಡಿಯುತ್ತಾರಲ್ಲ, ಆ ಹೂವೇ. ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುವ ಆ ಹೂವಿನ ಅಂಟು ಕೂಲಿಯವರ ಬೆರಳಲ್ಲಿ ಕಪ್ಪಗೆ ಕೂತಿರುತ್ತದೆ. ಅದನ್ನು ಅವ್ವ ಕಲ್ಲಿಗೆ ಉಜ್ಜಿ ಉಜ್ಜಿ ತೆಗೆಯುತ್ತಿದ್ದಳು. ಗೆರೆ ಎಲ್ಲಿ ಉಳಿಯಬೇಕು?

ಯಾಕೆ ಹೀಗೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಬೆರಳ ಗೆರೆಗಳು ತಾಯಿಯ ಹೊಟ್ಟೆಯಲ್ಲಿ ಆರು ತಿಂಗಳು ತುಂಬುವಷ್ಟರಲ್ಲಿ ಮೂಡಿಬಿಟ್ಟಿರುತ್ತವೆ. ಅವುಗಳ ವಿನ್ಯಾಸ ಸಾಯುವವರೆಗೂ ಬದಲಾಗುವುದಿಲ್ಲ. ಆದರೆ ವಯಸ್ಸಾದಂತೆ ಚರ್ಮ ಒಣಗುತ್ತದೆ, ಬಿಗಿ ಕಳೆದುಕೊಳ್ಳುತ್ತದೆ, ಗೆರೆಯ ಏಣು ತಗ್ಗಿ ಚಪ್ಪಟೆಯಾಗುತ್ತದೆ. ಮಿಷನ್ನಿನ ಗಾಜಿನ ಕೆಳಗಿನ ಬೆಳಕಿಗೆ ಏಣು ಯಾವುದು, ತಗ್ಗು ಯಾವುದು ಅಂತ ಗೊತ್ತಾಗಬೇಕಾದರೆ ಚರ್ಮ ಗಾಜಿಗೆ ಚೆನ್ನಾಗಿ ಕಚ್ಚಬೇಕು, ಸ್ವಲ್ಪ ಪಸೆ ಇರಬೇಕು. ಮಾಘದ ಚಳಿಗೆ ಒಣಗಿದ ಮುದಿ ಬೆರಳಿಗೆ ಆ ಪಸೆ ಎಲ್ಲಿಂದ ಬರಬೇಕು? ದುಡಿಯದ ಕೈಯನ್ನು ಥಟ್ಟನೆ ಗುರುತಿಸಿ, ದುಡಿದು ಸವೆದ ಕೈಯನ್ನು ನೀನು ಯಾರು ಅಂತ ಕೇಳುವ ಏರ್ಪಾಡು ಇದು. ನನಗೆ ಇವತ್ತಿಗೂ ಅದನ್ನು ಒಪ್ಪಲಾಗಿಲ್ಲ.

ಇನ್ನೊಂದನ್ನೂ ಓದಿದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಸ್ತೆಗೆ ಸಾಮಗ್ರಿ ಒದಗಿಸುವ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನ ಇಡೀ ಅಂಗೈಯನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡನಂತೆ. ನಾಳೆ ಆತ ಈ ರುಜು ನನ್ನದಲ್ಲ ಅನ್ನದಿರಲಿ ಅಂತ ಹೆದರಿಸುವುದಕ್ಕೆ. ಹೆಬ್ಬೆಟ್ಟಿನ ಈಗಿನ ಲೆಕ್ಕಾಚಾರದ ಒಂದು ಬೇರು ಅಲ್ಲಿದೆ: ಅವನ ಮಾತಿನ ಮೇಲೆ ನಂಬಿಕೆ ಸಾಲದು, ಕೈಯನ್ನೇ ಹಿಡಿದುಕೊಳ್ಳಬೇಕು.

ನಮ್ಮಲ್ಲಿ ಹೆಬ್ಬೆಟ್ಟು ಅಂದರೆ ಬೆರಳು ಮಾತ್ರವಲ್ಲ, ಬೈಗುಳ ಕೂಡ. "ಅವಳೇನು ಬಲ್ಲಳು, ಹೆಬ್ಬೆಟ್ಟು" ಅನ್ನುತ್ತಾರೆ. ಅವ್ವ ಆ ಮಾತನ್ನು ನಲವತ್ತೈದು ವರ್ಷ ಕೇಳಿದ್ದಳು. 1990ರ ದಶಕದ ಶುರುವಿನಲ್ಲಿ, ನಾವಿನ್ನೂ ಮೈಸೂರು ಜಿಲ್ಲೆಯಲ್ಲಿದ್ದಾಗ, ಸಾಕ್ಷರತಾ ಆಂದೋಲನ ಬಂತು. ರಾತ್ರಿ ಲಾಟೀನು ಇಟ್ಟುಕೊಂಡು ಹೆಂಗಸರು ಸ್ಲೇಟು ಹಿಡಿದು ಕೂರುತ್ತಿದ್ದರು. ಅವ್ವನ ಹೆಸರಿನ ಕೊನೆಗೆ 'ಮ್ಮ' ಇದೆ. ಆ ಒತ್ತು ಅವಳನ್ನು ಬಹಳ ಕಾಡಿತು. ಮೊದಲು ಪಕ್ಕದಲ್ಲಿ ಬರೆಯುತ್ತಿದ್ದಳು. ಕೆಳಗೆ ಬರೆಯಬೇಕು ಅಂತ ತಿಳಿದ ಮೇಲೆ ಎಷ್ಟು ಕೆಳಗೆ ಇಳಿಸುತ್ತಿದ್ದಳು ಅಂದರೆ, ಅದು ಇನ್ನೊಂದು ಸಾಲಿಗೆ ಸೇರಿದಂತೆ ಕಾಣುತ್ತಿತ್ತು. ಒಲೆಯ ಮುಂದೆ ಬೂದಿ ಹರವಿ, ಸೌದೆಕಡ್ಡಿಯಲ್ಲಿ ಬರೆದು ಅಳಿಸಿ ಬರೆದು, ಆರು ತಿಂಗಳಲ್ಲಿ ಹೆಸರು ಕೈವಶ ಮಾಡಿಕೊಂಡಳು.

ಮಿಷನ್ನು ಕೈಕೊಟ್ಟ ಮರುವಾರ ಅವಳನ್ನು ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಕರೆದುಕೊಂಡು ಹೋದೆ. ಬ್ಯಾಂಕಿನಲ್ಲಿ ಚಿಕ್ಕ ವಯಸ್ಸಿನ ಒಬ್ಬ ಹೆಣ್ಣುಮಗಳು ಕಡತ ನೋಡಿ, "ಇದು ಹೆಬ್ಬೆಟ್ಟಿನ ಖಾತೆ. ಇಂಕಿನಲ್ಲಿ ಒತ್ತಿಸಿ, ಸಾಕ್ಷಿ ಹಾಕಿಸಿ" ಅಂದಳು. ನಾನು ಇಂಕ್ ಪ್ಯಾಡನ್ನು ಅವ್ವನ ಮುಂದಕ್ಕೆ ಸರಿಸಿದೆ. ಅವ್ವ ಕೈ ಹಿಂದಕ್ಕೆ ಎಳೆದುಕೊಂಡಳು.

"ನಂಗ ಬರಿಯಕ ಬತ್ತದ ಕನವ್ವ. ಲೆಕ್ಕಣಿಕ ಕೊಡು."

ನಾನು ಅಲ್ಲೇ ಕುಗ್ಗಿಹೋದೆ. ಖಾತೆ ತೆರೆಸಿದವನು ನಾನೇ. ಊರಿಗೆ ಬಂದ ಕ್ಯಾಂಪಿನಲ್ಲಿ ಜನ ಜಾಸ್ತಿ ಇದ್ದರು, ಮನೆಯಲ್ಲಿ ಕೆಲಸವಿತ್ತು. 'ರುಜುವೋ ಹೆಬ್ಬೆಟ್ಟೋ' ಅಂತ ಅವರು ಕೇಳಿದಾಗ ಅವ್ವ ಬಾಯಿ ತೆರೆಯುವ ಮೊದಲೇ "ಹೆಬ್ಬೆಟ್ಟು ಹಾಕಿಸಿ ಸಾರ್, ಬೇಗ ಆಗುತ್ತೆ" ಅಂದವನು ನಾನು. ಬೂದಿಯಲ್ಲಿ ಬರೆದು ಕಲಿತದ್ದನ್ನು ಪಕ್ಕದಲ್ಲೇ ಕೂತು ನೋಡಿದ ಮಗ. ಅವಳು ಅವತ್ತು ಏನೂ ಅಂದಿರಲಿಲ್ಲ. ಬ್ಯಾಂಕಿನಲ್ಲೂ ನನ್ನ ಕಡೆ ತಿರುಗಿ ನೋಡಲಿಲ್ಲ.

ಅರ್ಜಿ, ಎರಡು ಫೋಟೋ, ಹೊಸ ರುಜುವಿಗೆ ಒಂದು ಕಾರ್ಡು. ಅವ್ವ ಕನ್ನಡಕ ಇಲ್ಲದೆ, ಮೂಗು ಕಾಗದಕ್ಕೆ ತಾಗುವ ಹಾಗೆ ಬಗ್ಗಿ ಬರೆದಳು. ಒಂದೊಂದು ಅಕ್ಷರಕ್ಕೂ ಉಸಿರು ಹಿಡಿಯುತ್ತಿದ್ದಳು. ಹಿಂದೆ ಸಾಲಿನಲ್ಲಿದ್ದವರು ಯಾರೂ ಗೊಣಗಲಿಲ್ಲ. ಕೊನೆಯ ಒತ್ತು ಚೌಕ ದಾಟಿ ಕೆಳಗಿನ ಗೆರೆಯ ಮೇಲೆ ಹೋಗಿ ಕೂತಿತು. ಆ ಹೆಣ್ಣುಮಗಳು ಕಾರ್ಡನ್ನು ತಿರುಗಿಸಿ ನೋಡಿ, "ಪ್ರತಿ ಸಲ ಹೀಗೇ ಹಾಕಬೇಕು ಅಜ್ಜಿ, ಒತ್ತು ಇಷ್ಟೇ ಕೆಳಗೆ ಬರಬೇಕು" ಅಂದಳು. "ಅಲ್ಲಿಗೇ ಬತ್ತದ" ಅಂದಳು ಅವ್ವ.

ಆಷಾಢದ ತುಂತುರು ಹಿಡಿದ ಮೇಲೆ ಒಂದು ದಿನ ಆ ಹುಡುಗ ಮಿಷನ್ನು ತಂದಾಗ ಒತ್ತಿ ನೋಡು ಅಂತ ನಾನೇ ಹೇಳಿದೆ. ಮಳೆಗಾಲದ ಪಸೆಗೆ ಬೆರಳು ಒಂದೇ ಸಲಕ್ಕೆ ಹತ್ತಿತು. ಹುಡುಗನಿಗೆ ಖುಷಿಯೋ ಖುಷಿ. "ಇನ್ನು ನೀನು ಪೇಟೆಗೆ ಹೋಗೋದು ಬೇಡ ಅವ್ವ, ಬಸ್‌ಚಾರ್ಜು ದಂಡ" ಅಂದೆ.

ಅವ್ವ ಉತ್ತರ ಕೊಡಲಿಲ್ಲ. ಮುಂದಿನ ತಿಂಗಳು ದುಡ್ಡು ಬಿದ್ದಿದೆ ಅಂತ ತಿಳಿದ ಬೆಳಗ್ಗೆ ತಲೆ ಬಾಚಿ, ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಉಟ್ಟು, ಪಾಸ್‌ಬುಕ್ಕನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂಬತ್ತರ ಬಸ್ಸಿಗೆ ಎಂಟಕ್ಕೇ ಹೋಗಿ ನಿಂತಿದ್ದಳು.