ಉಸಿರಿಗೇಕೆ ನಾಚಿಕೆ?

ಸಾವರ್ಡೆಯಲ್ಲಿ ಮೊದಲ ಮಳೆ ಬಿತ್ತೆಂದರೆ ಕೆಂಪು ಮಣ್ಣಿನ ವಾಸನೆಯೊಡನೆ ಕೆಲವು ಮಕ್ಕಳ ಎದೆಯ ಸುಯ್‌ಸುಯ್ ಸದ್ದೂ ನಮಗೆ ಕೇಳಿಬರುತ್ತದೆ. ನಮ್ಮ ಜನ ಅದನ್ನು ದಮ್ಮು, ಉಬ್ಬಸ ಎನ್ನುತ್ತಾರೆ; ವೈದ್ಯರು ಅಸ್ತಮಾ ಎನ್ನುತ್ತಾರೆ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಆಟದ ಅವಧಿ ಬಂತೆಂದರೆ ಮೂಲೆ ಹಿಡಿಯುತ್ತಿದ್ದಳು. ಸೋಮಾರಿಯೆಂದು ಬಗೆದು ನಾವು ಗದರಿಸಿ ಓಡಿಸಿದೆವು. ಎರಡನೆಯ ಸುತ್ತಿಗೆ ಆಕೆ ಕುಸಿದು ಕುಳಿತಳು, ಮಾತೇ ಹೊರಡಲಿಲ್ಲ. ಆಸ್ಪತ್ರೆಯಲ್ಲಿ ಆಕೆಯ ಉಸಿರು ತಿಳಿಯಾಗುವವರೆಗೆ ನಮ್ಮ ಜೀವದಲ್ಲಿ ಜೀವವಿರಲಿಲ್ಲ. ಓಡಿಬಂದ ತಾಯಿ ಕೈಚೀಲದ ತಳದಿಂದ ಪಂಪು ತೆಗೆದರು.

“ಸರ್, ಯಾರಿಗೂ ಹೇಳಿಲ್ರಿ. ಹುಡುಗಿಗೆ ದಮ್ಮು ಐತಿ ಅಂದ್ರ ನಾಳೆ ಯಾರು ಲಗ್ನ ಆಗ್ತಾರ್ರೀ? ಪಂಪು ಚಟಾ ಆಗತೈತಿ ಅಂತಾರ್ರೀ.”

ತಪ್ಪು ಆ ತಾಯಿಯದಷ್ಟೇ ಅಲ್ಲ. ವಿಚಾರಿಸದೆ ಓಡಿಸಿದ ನಮ್ಮದೂ ಹೌದು. ಮುಂದಿನ ಪಾಲಕರ ಸಭೆಗೆ ವೈದ್ಯರೊಬ್ಬರನ್ನು ಕರೆಸಿದೆವು. ಅಸ್ತಮಾದಲ್ಲಿ ಶ್ವಾಸನಾಳಗಳು ಊದಿಕೊಂಡು ಕಿರಿದಾಗುತ್ತವೆ, ಒಳಗೆ ಕಫ ಕಟ್ಟುತ್ತದೆ; ಇದು ಅಂಟುರೋಗವಲ್ಲ ಎಂದು ಅವರು ತಿಳಿಸಿದರು. ಪಂಪು ಚಟವಾಗದು. ಸಾಲ್ಬುಟಮಾಲ್ ಪಂಪಿನ ಒಂದು ಒತ್ತಿಗೆ ಬರುವುದು ೧೦೦ ಮೈಕ್ರೋಗ್ರಾಂ. ಅದೇ ಔಷಧದ ೨ ಮಿಲಿಗ್ರಾಂ ಮಾತ್ರೆಯಲ್ಲಿ ಅದರ ಇಪ್ಪತ್ತು ಪಟ್ಟು! ಇದು ಉಬ್ಬಸ ಬಂದಾಗ ಬಿಡಿಸುವ ಪಂಪು. ಬಾರದಂತೆ ತಡೆಯುವ ಪಂಪು ಬೇರೆ. ಅದನ್ನು ವೈದ್ಯರು ಹೇಳಿದಂತೆ ದಿನವೂ ಸೇದಿ ಬಾಯಿ ಮುಕ್ಕಳಿಸಬೇಕು. ಮಗು ಚೆನ್ನಾಗಿದೆಯೆಂದು ನಾವೇ ನಿಲ್ಲಿಸಬಾರದು.

“ಎಲ್ಲ ಅದಿರಿನ ಧೂಳಿನಿಂದ” ಎಂದರು ಒಬ್ಬ ಪಾಲಕರು. ಧೂಳು ಉಬ್ಬಸವನ್ನು ಕೆರಳಿಸುವುದು ನಿಜ. ಆದರೆ ೨೦೧೨ರಲ್ಲಿ ಗಣಿಗಾರಿಕೆ ನಿಂತು ಲಾರಿಗಳು ಮಾಯವಾದಾಗಲೂ ನಮ್ಮ ತರಗತಿಗಳಲ್ಲಿ ಉಬ್ಬಸದ ಮಕ್ಕಳಿದ್ದರು. ಸೌದೆ ಒಲೆಯ ಹೊಗೆ, ಸೊಳ್ಳೆಬತ್ತಿ, ಬೀಡಿ, ಮಳೆಗಾಲದಲ್ಲಿ ಗೋಡೆಗೆ ಹತ್ತುವ ಬೂಷ್ಟು ಇವೆಲ್ಲ ಮನೆಯೊಳಗೇ ಇವೆ.

ಪಾಲಕರೇ, ಮಗುವಿಗೆ ಉಬ್ಬಸವಿದ್ದರೆ ತರಗತಿಯ ಶಿಕ್ಷಕರಿಗೆ ತಿಳಿಸಿರಿ, ಪಂಪು ಪಾಟೀಚೀಲದಲ್ಲಿರಲಿ. ಉಬ್ಬಸ ಬಂದಾಗ ಮಗುವನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ಬಿಡಿಸುವ ಪಂಪು ಕೊಡಿರಿ. ಮಾತಾಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ ತಡಮಾಡದೆ ೧೦೮ಕ್ಕೆ ಕರೆಮಾಡಿರಿ.

ಅದೇ ಹುಡುಗಿ ಮರುವರ್ಷ ತರಗತಿಯ ಮುಂದೆ ನಿಂತು, ಪಂಪನ್ನು ಕುಲುಕಿ, ಸ್ಪೇಸರ್ ನಳಿಗೆಗೆ ಜೋಡಿಸಿ, ನಿಧಾನವಾಗಿ ಉಸಿರೆಳೆದು, ಹತ್ತು ಎಣಿಸುವವರೆಗೆ ಹಿಡಿದು ತೋರಿಸಿದಳು. ಹಿಂದಿನ ಸಾಲಿನಲ್ಲಿ ಅವಳ ತಾಯಿ ಕುಳಿತಿದ್ದರು. ಅಂದು ಗುರು ಅವಳು, ಶಿಷ್ಯರು ನಾವು.