ನಳಿಗೆಯ ಮೇಲಿನ ಶಾಸನ

ಇತಿಹಾಸದ ಆಕರಗಳೆಂದರೆ ಶಿಲಾಶಾಸನ, ತಾಮ್ರಪಟ, ಓಲೆಗರಿ, ಕಡತಗಳು ಎಂಬುದು ರೂಢಿಯ ಎಣಿಕೆ. ಆದರೆ ಮನೆಯ ಅಟ್ಟದಲ್ಲಿ ಧೂಳು ಹಿಡಿದು ಬಿದ್ದ ಆಯುಧವೂ ಒಮ್ಮೊಮ್ಮೆ ಅಕ್ಷರಗಳನ್ನು ಹೊತ್ತಿರುತ್ತದೆ. ದಕ್ಷಿಣ ಕೊಡಗಿನ ಒಂದು ಐನ್‌ಮನೆಯ ಜೋಡಿ ನಳಿಗೆಯ ಕೋವಿ ಅಂಥದೊಂದು ಆಕರ. ಅದನ್ನು ಓದಿದವರು ನಿವೃತ್ತ ಇತಿಹಾಸ ಅಧ್ಯಾಪಕರೊಬ್ಬರು.

ಕೊಡಗಿನಲ್ಲಿ ಕೋವಿ ಕೇವಲ ಬೇಟೆಯ ಸಾಧನವಲ್ಲ. 1861ರಲ್ಲಿ ಮಾರ್ಕ್ ಕಬ್ಬನ್‌ನ ಘೋಷಣೆಯಿಂದ ದೊರೆತ ವಿನಾಯಿತಿ ಬೇರೆ ಬೇರೆ ರೂಪಗಳಲ್ಲಿ ಇಂದಿಗೂ ಮುಂದುವರಿದಿದೆ. ಕೈಲ್‌ಪೊಳ್ದಿನಂದು ಕೋವಿಗಳನ್ನು ದೀಪದೆದುರು ಇರಿಸಿ, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ಸುದ್ದಿ ತಿಳಿಸುವುದು ಅಲ್ಲಿಯ ಹಳೆಯ ಪದ್ಧತಿ. ಈ ಮನೆಯ ವಯೋವೃದ್ಧ ಪಟ್ಟೆದಾರರಿಗೆ ಒಂದೇ ಅಪೇಕ್ಷೆಯಿತ್ತು: ತಾವು ತೀರಿದ ದಿನ ಆ ಎರಡು ಗುಂಡುಗಳು ಇದೇ ಕೋವಿಯಿಂದ ಹಾರಬೇಕು. ಏಕೆಂದರೆ ಒಕ್ಕದ ನಂಬಿಕೆಯಂತೆ, 1837ರ ಅಮರಸುಳ್ಯ ದಂಗೆಯ ಕಾಲದಲ್ಲಿ ಸರಕಾರದ ಪಕ್ಷದಲ್ಲಿ ನಿಂತ ಪೂರ್ವಜರೊಬ್ಬರಿಗೆ ಪದಕದೊಡನೆ ಬಂದ ಬಹುಮಾನ ಅದು.

ಕೋವಿಯ ಸ್ಥಿತಿ ಶೋಚನೀಯವಾಗಿತ್ತು. ಒಂದು ಕುದುರೆ ಮುರಿದಿತ್ತು. ಆಕ್ರೋಟ್ ಮರದ ಹಿಡಿ ಸೀಳಿ, ಅದಕ್ಕೆ ಯಾರೋ ತಾಮ್ರದ ತಂತಿ ಸುತ್ತಿದ್ದರು. ನಳಿಗೆಗಳ ಮೇಲೆ ತುಕ್ಕು ಚಿಪ್ಪುಗಟ್ಟಿತ್ತು. ಮನೆಯ ಕಿರಿಯರು ಮರಳುಕಾಗದದಿಂದ ಉಜ್ಜಿ ಥಳಥಳಿಸುವಂತೆ ಮಾಡಬೇಕೆಂದರು. ಅಧ್ಯಾಪಕರು ತಡೆದರು. ಕಲ್ಲನ್ನು ಕೆತ್ತಿ ಶುಚಿಗೊಳಿಸಿದರೆ ಶಾಸನವೇ ಅಳಿದುಹೋಗುವುದಿಲ್ಲವೆ? ಕೋವಿ ಪರವಾನಗಿಯುಳ್ಳ ಕುಶಲಕರ್ಮಿಯೊಬ್ಬರ ಕೈ ಸೇರಿತು. ಅವರು ಎಣ್ಣೆಯಲ್ಲಿ ದಿನಗಟ್ಟಲೆ ನೆನೆಯಿಸಿ, ತುಕ್ಕು ಸಡಿಲವಾದ ಮೇಲೆ ನವುರಾದ ಉಕ್ಕಿನ ನಾರಿನಿಂದ ಮೆಲ್ಲಗೆ ಒರೆಸಿದರು. ಪ್ರತಿ ತಿರುಪಿಗೂ ಅದರ ಗೀರಿಗೆ ಸರಿಹೊಂದುವ ತಿರುಪುಳಿಯನ್ನೇ ಬಳಸಿದರು. ಹಿಡಿಯಲ್ಲಿ ತಗ್ಗಿದ ಕಡೆ ಒದ್ದೆ ಬಟ್ಟೆಯಿರಿಸಿ ಬಿಸಿ ಇಸ್ತ್ರಿ ಒತ್ತಿದಾಗ, ಹಬೆ ಕುಡಿದ ಮರ ಉಬ್ಬಿ ಮೇಲೆದ್ದಿತು. ಅನಂತರ ಅಗಸೆ ಎಣ್ಣೆಯ ತೆಳು ಲೇಪಗಳು.

ತುಕ್ಕು ಸರಿದಾಗ ನಳಿಗೆಯುದ್ದಕ್ಕೂ ನೀರಿನ ಸುಳಿಗಳಂಥ ಕಂದುಗೆರೆಗಳು ಮೂಡಿದವು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸರಳಿನ ಸುತ್ತ ಸುರುಳಿಯಾಗಿ ಸುತ್ತಿ, ಕಾಸಿ ಬಡಿದು ಬೆಸೆದ ಡಮಾಸ್ಕಸ್ ನಳಿಗೆಗಳವು. ಅವನ್ನು ಬಿಚ್ಚಿ ಅಡಿಭಾಗಕ್ಕೆ ಸೀಮೆಸುಣ್ಣದ ಹುಡಿ ಸವರಿ, ದೀಪವನ್ನು ಓರೆಯಾಗಿ ಹಿಡಿದಾಗ ಮುದ್ರೆಗಳು ಕಂಡವು. ಕಿರೀಟದ ಕೆಳಗೆ ಒಂದಕ್ಕೊಂದು ಅಡ್ಡವಾದ ರಾಜದಂಡಗಳು, ನಡುವೆ ಬಿ.ಪಿ.ಸಿ. ಎಂಬ ಅಕ್ಷರಗಳು: 1813ರಲ್ಲಿ ಸ್ಥಾಪಿತವಾದ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ ಗುರುತು. ಅದರ ಪಕ್ಕದಲ್ಲಿ ಇಂಗ್ಲಿಷಿನ ಮೂರು ಪದಗಳು: ‘ನಾಟ್ ಫಾರ್ ಬಾಲ್’. ಚರೆ ಚದುರದಂತೆ ಬಾಯಿಯನ್ನು ಕಿರಿದುಗೊಳಿಸಿದ ನಳಿಗೆಯಲ್ಲಿ ಒಂಟಿ ಗುಂಡು ಹಾರಿಸಬಾರದೆಂಬ ಎಚ್ಚರಿಕೆ ಅದು. ಈ ಮುದ್ರೆ ಬಳಕೆಯಲ್ಲಿದ್ದುದು 1875ರಿಂದ 1887ರವರೆಗೆ ಮಾತ್ರ. ನಳಿಗೆಗಳ ನಡುಪಟ್ಟಿಯ ಮೇಲೆ ಸವೆದ ಬರಹದಲ್ಲಿ ಓದಬರುತ್ತಿದ್ದುದು ‘ಮದ್ರಾಸ್’ ಎಂಬ ಒಂದು ಪದ. ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಕೋವಿಗಳ ಮೇಲೆ ಇಲ್ಲಿಯ ಅಂಗಡಿಗಳು ತಮ್ಮ ಹೆಸರನ್ನು ಕೆತ್ತಿಸುತ್ತಿದ್ದುದು ಸಾಮಾನ್ಯ.

ತೀರ್ಮಾನ ಸ್ಪಷ್ಟವಾಗಿತ್ತು. 1837ರಲ್ಲಿ ಬಹುಮಾನ ಬಂದಿದ್ದರೆ ಅದು ಬಾಯಿಯಿಂದ ಮದ್ದು ತುಂಬುವ ಕೋವಿಯಾಗಿರಬೇಕಿತ್ತು. ನಡುವೆ ಕೇಪು ಕೂರಿಸಿದ ತೋಟಾವನ್ನು ಹಿಂಬದಿಯಿಂದ ತುಂಬುವ ಇಂಥ ಕೋವಿಗಳು ಇಂಗ್ಲೆಂಡಿನಲ್ಲಿ ಪ್ರಚಾರಕ್ಕೆ ಬಂದುದೇ 1860ರ ದಶಕದಲ್ಲಿ. ಇದು ಬಹುಮಾನವಾಗಿ ಬಂದುದಲ್ಲ. ಮದರಾಸಿನ ಅಂಗಡಿಯಲ್ಲಿ ಮಾರಾಟಕ್ಕಿದ್ದ ಸರಕು.

ಇದನ್ನು ಕೇಳಿದ ಪಟ್ಟೆದಾರರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಹಾಗಾದರೆ ನಮ್ಮ ಹಿರಿಯರು ಸುಳ್ಳು ಹೇಳಿದರೇ, ಮಾಸ್ಟ್ರೇ?” ಎಂದರು. “ಸುಳ್ಳಲ್ಲ ಅಜ್ಜ, ಕತೆ ಮನೆ ಬದಲಿಸಿದೆ” ಎಂದರು ಅಧ್ಯಾಪಕರು. 1837ರಲ್ಲಿ ನೆರವಾದವರಿಗೆ ಸರಕಾರ ಪದಕಗಳನ್ನು ಕೊಟ್ಟದ್ದು ನಿಜ. ಪೂರ್ವಜರ ಬಳಿ ಕೇಪಿನ ಕೋವಿಯೊಂದು ಇದ್ದಿರಬಹುದು. ಅದು ಹಾಳಾದ ಮೇಲೆ ಹೊಸತು ಬಂದು, ಹಳೆಯದರ ಕೀರ್ತಿ ಹೊಸದಕ್ಕೆ ಅಂಟಿರಬಹುದು. ಬಸದಿ, ಗುಡಿಗಳ ಸ್ಥಳಪುರಾಣಗಳಲ್ಲಿ ಹೀಗಾಗುವುದನ್ನು ಇತಿಹಾಸದ ಅಭ್ಯಾಸಿಗಳು ಬಲ್ಲರು: ಕಟ್ಟಡ ಹೊಸದಾದರೂ ಕತೆ ಹಳೆಯದೇ ಉಳಿಯುತ್ತದೆ.

ಉಳಿದದ್ದು ಆ ಎರಡು ಗುಂಡುಗಳ ಪ್ರಶ್ನೆ. ಕುಶಲಕರ್ಮಿ ನಳಿಗೆಗಳನ್ನು ದಾರದಲ್ಲಿ ತೂಗುಬಿಟ್ಟು ಮರದ ತುಂಡಿನಿಂದ ಮೆಲ್ಲಗೆ ತಟ್ಟಿದರು. ಬೆಸುಗೆ ಗಟ್ಟಿಯಿದ್ದರೆ ಗಂಟೆಯ ನಾದ ಬರಬೇಕು. ಬಂದದ್ದು ಒಡೆದ ಮಡಕೆಯ ಸದ್ದು. ಒಳಗೋಡೆಯಲ್ಲಿ ತುಕ್ಕು ಕೊರೆದ ಕುಳಿಗಳೂ ಇದ್ದವು. ಮೇಲಾಗಿ ಈ ನಳಿಗೆಗಳ ಪರೀಕ್ಷೆ ನಡೆದಿದ್ದುದು ಕರಿಮದ್ದಿಗೆ. ಇಂದಿನ ಹೊಗೆರಹಿತ ಮದ್ದಿನ ತೋಟಾ ಹಾಕಿದರೆ ಸಿಡಿದು ಹಾರಿಸಿದವನ ಕೈಯನ್ನೇ ಒಯ್ಯಬಹುದು. ತಮ್ಮ ಸಾವನ್ನು ಸಾರಲು ಮೊಮ್ಮಗನ ಕೈ ಪಣವಾಗಬಾರದೆಂದು ಪಟ್ಟೆದಾರರೇ ನಿರ್ಧರಿಸಿದರು. ಗುಂಡು ಬೇರೆ ಕೋವಿಯಿಂದ ಹಾರಲಿ. ಇದು ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಬಳಿ ಇರಲಿ ಎಂದರು. ಕೋವಿಯ ನಿಜವಾದ ಕಾಲವನ್ನೂ ಒಕ್ಕದ ಕತೆಯನ್ನೂ ಬೇರೆ ಬೇರೆಯಾಗಿ ಬರೆದಿಡುವಂತೆ ಅಧ್ಯಾಪಕರನ್ನು ಕೇಳಿಕೊಂಡರು.

ಜೀರ್ಣೋದ್ಧಾರವೆಂದರೆ ಹಳೆಯದನ್ನು ಮತ್ತೆ ಹೊಸದಾಗಿಸುವುದು ಎಂಬ ತಿಳಿವಳಿಕೆ ಪೂರ್ಣವಲ್ಲ. ಒಂದು ವಸ್ತು ಏನಾಗಿತ್ತು, ಏನಾಗಿರಲಿಲ್ಲ ಎಂಬುದನ್ನು ಅದರ ಬಾಯಿಂದಲೇ ಕೇಳಿ, ಅಷ್ಟನ್ನೇ ಉಳಿಸುವುದು ಅದರ ಸಾರ. ಕುಲದ ಅಭಿಮಾನಕ್ಕೆ ಒಗ್ಗದ ಸಾಕ್ಷ್ಯವನ್ನು ಉಜ್ಜಿ ಅಳಿಸುವುದು ಸುಲಭ. ಅದನ್ನು ದೀಪದ ಬಳಿಯಿಟ್ಟು ಕಾಪಾಡಲು ಹೆಚ್ಚಿನ ಧೈರ್ಯ ಬೇಕು.