ಜೊತೆಗಾರನಿಂದ ತಿಳಿದದ್ದು

ಕಳೆದ ವರ್ಷ ವಿಜ್ಞಾನ ಸಂಘದ ಗೋಡೆಪತ್ರಿಕೆಯಲ್ಲಿ ನಾವೊಂದು ತಪ್ಪು ಬರೆದೆವು. ಅದನ್ನು ಇಲ್ಲಿ ಒಪ್ಪಿಕೊಳ್ಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಎನ್.ಜಿ.ಸಿ. 7793 ಎಂಬುದು ಸುಮಾರು 1 ಕೋಟಿ 20 ಲಕ್ಷ ಜ್ಯೋತಿರ್ವರ್ಷ ದೂರದ ಒಂದು ಗೆಲಾಕ್ಸಿ. ಅಲ್ಲಿ ಪಿ 13 ಎಂಬ ಕ್ಷ-ಕಿರಣದ ಮೂಲವಿದೆ. ಅದು ಪ್ರಖರವಾಗಿದ್ದಾಗ ನಮ್ಮ ಸೂರ್ಯ ಸೂಸುವ ಒಟ್ಟು ಶಕ್ತಿಯ ಹತ್ತು ಲಕ್ಷ ಪಟ್ಟಿಗೂ ಮಿಕ್ಕಿ ಬೆಳಗುತ್ತದೆ. ಪುಟ್ಟದಾದರೂ ಬಹಳ ಭಾರವಾದ ಕಾಯವೊಂದು ಪಕ್ಕದ ನಕ್ಷತ್ರದ ಅನಿಲವನ್ನು ಸೆಳೆಯುತ್ತದೆ. ಬೀಳುವ ಅನಿಲ ಕಾದು ಈ ಕಿರಣಗಳು ಹೊಮ್ಮುತ್ತವೆ. ಆ ಕಾಯ ಕಾಣದು. ಅದನ್ನು ಅರಿಯಬೇಕಾದರೆ ಜೊತೆಗಾರ ನಕ್ಷತ್ರವನ್ನು ಗುರುತಿಸಬೇಕು.

ಕ್ಷ-ಕಿರಣಗಳನ್ನು ನಮ್ಮ ವಾಯುಮಂಡಲ ತಡೆಯುತ್ತದೆ. ಆದುದರಿಂದ 1999ರಲ್ಲಿ ಅಂತರಿಕ್ಷಕ್ಕೇರಿಸಿದ, ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರಿನ ‘ಚಂದ್ರ’ ದೂರದರ್ಶಕದಿಂದ ಮೂಲದ ನಿಖರ ಸ್ಥಾನವನ್ನು ತಿಳಿದರು. ಅದೇ ಸ್ಥಾನದಲ್ಲಿ ಕಂಡ ನಕ್ಷತ್ರದ ಬೆಳಕನ್ನು ಚಿಲಿ ದೇಶದ ದೊಡ್ಡ ದೂರದರ್ಶಕದಲ್ಲಿ ಬಣ್ಣಬಣ್ಣವಾಗಿ ಬಿಡಿಸಿ ನೋಡಿದರು. 2011ರಲ್ಲಿ ಅದು ನೀಲಿ ಮಹಾದೈತ್ಯ ನಕ್ಷತ್ರವೆಂದು ಪ್ರಕಟವಾಯಿತು. ಅದರ ಬೆಳಕು ಸುಮಾರು 64 ದಿನಗಳಿಗೊಮ್ಮೆ ಏರಿಳಿಯುವುದನ್ನು ಲೆಕ್ಕ ಹಾಕಿ, 2014ರಲ್ಲಿ ಕಾಣದ ಕಾಯದ ತೂಕ ಸೂರ್ಯನ 15 ಪಟ್ಟಿಗಿಂತ ಕಡಿಮೆ ಎಂದರು. ಅದನ್ನು ಕಪ್ಪು ರಂಧ್ರವೆಂದು ಕರೆದರು.

ನಾವೂ “ಪಿ 13 ಕಪ್ಪು ರಂಧ್ರ!” ಎಂದು ಕೆಂಪು ಶಾಯಿಯಲ್ಲಿ ದಪ್ಪಕ್ಷರದಿಂದ ಬರೆದು ಹಚ್ಚಿದೆವು. ವಿಜ್ಞಾನದ ಮಾಸ್ಟ್ರು ಓದಿ, “ಮಕ್ಕಳೇ, ಇದು ಯಾವ ಇಸವಿಯ ಮಾತು?” ಎಂದು ಕೇಳಿದರು. 2016ರಲ್ಲಿ ಆ ಕಿರಣಗಳು 0.42 ಸೆಕೆಂಡಿಗೊಮ್ಮೆ ಕ್ರಮ ತಪ್ಪದೆ ಮಿಡಿಯುವುದು ಪ್ರಕಟವಾಗಿತ್ತು. ಕಪ್ಪು ರಂಧ್ರ ಹಾಗೆ ಮಿಡಿಯಲಾರದು. ಅದು ಗಿರಗಿರನೆ ತಿರುಗುವ ನ್ಯೂಟ್ರಾನ್ ನಕ್ಷತ್ರ!

ನಾಚಿಕೆಯಿಂದ ನಾವು ಹಾಳೆಯನ್ನು ಹರಿಯಹೊರಟೆವು. “ಹರಿಯಬೇಡಿ. ಎಷ್ಟು ಸರಿ, ಎಷ್ಟು ತಪ್ಪು ಎಂದು ಮೊದಲು ನೋಡಿ,” ಎಂದರು ಮಾಸ್ಟ್ರು. ಕುಳಿತು ಒಂದೊಂದು ಸಾಲನ್ನೂ ಪರೀಕ್ಷಿಸಿದೆವು. ಜೊತೆಗಾರ ನಕ್ಷತ್ರ ಅದೇ. ಹದಿನೈದಕ್ಕಿಂತ ಕಡಿಮೆ ಎಂಬ ಲೆಕ್ಕವೂ ಸರಿ. ನ್ಯೂಟ್ರಾನ್ ನಕ್ಷತ್ರದ ತೂಕ ಅದಕ್ಕಿಂತ ಎಷ್ಟೋ ಕಡಿಮೆಯೇ. ತಪ್ಪಿದ್ದು ಹೆಸರು ಮಾತ್ರ. ಅಳೆದು ಕಂಡದ್ದು ಉಳಿಯಿತು, ಊಹೆ ಅಳಿಯಿತು. ನಾವೋ ಊಹೆಯನ್ನೇ ಕೆಂಪು ಶಾಯಿಯಲ್ಲಿ ಬರೆದಿದ್ದೆವು!

ಹಳೆಯ ಹಾಳೆಯ ಪಕ್ಕದಲ್ಲೇ ತಿದ್ದುಪಡಿಯನ್ನು ಅಂಟಿಸಿದೆವು. ಎಂಟನೆಯ ತರಗತಿಯ ತಮ್ಮ ತಂಗಿಯರು ಎರಡನ್ನೂ ಓದಿ ನಕ್ಕರು. ಆಮೇಲೆ ಬಿಡದೆ ಪ್ರಶ್ನೆ ಕೇಳಿದರು. ತಪ್ಪಿಲ್ಲದ ಯಾವ ಹಾಳೆಯ ಮುಂದೆಯೂ ಅಷ್ಟು ಮಂದಿ ನಿಂತದ್ದನ್ನು ನಾವು ಕಂಡಿರಲಿಲ್ಲ.